ಪಂಡೋರಾದವರು ಬೆಳಗಾವಿಯಲ್ಲಿ ಯಾವ ಭಾಷೆ ಆಡಬೇಕು?

ಪಂಡೋರಾ ಎಂಬ ಕಲ್ಪಿತ ಲೋಕದಲ್ಲಿ ನಡೆಯುವ ಹಾಲಿವುಡ್ಡಿನ ‘ಅವತಾರ್’ ಸರಣಿಯ ಮೂರನೆಯ ಚಿತ್ರ ‘ಫೈರ್ ಅಂಡ್ ಆ್ಯಶ್’ 2025ರ ಡಿಸೆಂಬರ್ 19ರಂದು ತೆರೆಕಂಡಿತು. ಅಂದಿನಿಂದ ಬೆಳಗಾವಿಯ ಅಭಿಮಾನಿಗಳ ಮಾತಿನಲ್ಲಿ ಎರಡು ತಕರಾರುಗಳು ಒಂದಕ್ಕೊಂದು ತೊಡರಿಕೊಂಡಿವೆ. ಕಥೆ ಹಳತಾಯಿತು ಎಂಬುದು ಒಂದು. ಕನ್ನಡದಲ್ಲಿ ನೋಡೋಣವೆಂದರೆ ಅನುಕೂಲದ ಹೊತ್ತಿನ ಆಟ ಸಿಗುವುದಿಲ್ಲ ಎಂಬುದು ಇನ್ನೊಂದು.

ಮೊದಲನೆಯದನ್ನು ಬೇಗ ಮುಗಿಸಬಹುದು. ಚಿತ್ರದ ಅವಧಿ 3 ಗಂಟೆ 17 ನಿಮಿಷ. ಬೂದಿ ಕುಲದ ನಾಯಕಿ ವರಾಂಗ್ ತೆರೆಯ ಮೇಲಿರುವಷ್ಟು ಹೊತ್ತು ಕಣ್ಣು ಕದಲುವುದಿಲ್ಲ. ಜ್ವಾಲಾಮುಖಿ ನೆಲೆಯನ್ನು ನುಂಗಿದಾಗ ದೇವತೆ ಕೈಹಿಡಿಯಲಿಲ್ಲವೆಂದು ನಂಬಿಕೆಯನ್ನೇ ಬಿಟ್ಟವಳು ಆಕೆ. ಸರಣಿಗೆ ಇಂಥ ಪಾತ್ರ ಹೊಸದು. ಅವಳನ್ನು ಬದಿಗೆ ಸರಿಸಿ ಕಥೆ ಕೊನೆಯಲ್ಲಿ ಮತ್ತೆ ಸಮುದ್ರ, ಹಡಗು, ತಿಮಿಂಗಿಲದಂಥ ಜೀವಿಗಳ ಕಾಳಗಕ್ಕೇ ಇಳಿಯುತ್ತದೆ. 2022ರಲ್ಲಿ ಬಂದ ಎರಡನೆಯ ಭಾಗದಲ್ಲಿ ನೋಡಿದ್ದೂ ಇದನ್ನೇ. ಎರಡೂ ಭಾಗಗಳ ಚಿತ್ರೀಕರಣ ಒಟ್ಟಿಗೇ ನಡೆದದ್ದರ ಗುರುತು ಇದಿರಬಹುದು.

ಎರಡನೆಯ ತಕರಾರಿಗೆ ಬೇರು ಆಳವಾಗಿದೆ. 1956ರಲ್ಲಿ ಮುಂಬೈ ರಾಜ್ಯದಿಂದ ಬೆಳಗಾವಿ, ವಿಜಯಪುರ (ಬಾಗಲಕೋಟೆ ಆಗ ಅದರೊಳಗೇ ಇತ್ತು), ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಡಳಿತದ ಗಡಿ ಬದಲಾಯಿತು, ಸಿನಿಮಾ ವ್ಯಾಪಾರದ ಗಡಿ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಈ ಭಾಗವನ್ನು ಮುಂಬೈ ವಿತರಣಾ ವಲಯವಾದ ‘ಬಾಂಬೆ ಸರ್ಕಿಟ್‌’ಗೇ ಲೆಕ್ಕ ಹಾಕುವ ರೂಢಿ ಮುಂದುವರಿಯಿತು. ಹೀಗಾಗಿ ಹಿಂದಿ ಇಲ್ಲಿನ ಪ್ರೇಕ್ಷಕನಿಗೆ ಪರಭಾಷೆ ಎನಿಸಲೇ ಇಲ್ಲ. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಗೆ ಡಬ್ ಆಗಿ ದೇಶದಾದ್ಯಂತ ಗೆದ್ದ ಮೇಲೆ ಹಾಲಿವುಡ್‌ನ ಅದ್ಭುತಗಳೆಲ್ಲ ಹಿಂದಿಯಲ್ಲೇ ಬರುವುದು ಸಹಜವೆನಿಸಿತು. ಮರಾಠಿ, ಉರ್ದು, ಕನ್ನಡ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ನೋಡುವಾಗ ಹಿಂದಿ ಎಲ್ಲರಿಗೂ ಅರ್ಧ ಅರ್ಥವಾಗುವ ನಡುಮನೆಯಾಗಿತ್ತು. ಆ ಅರ್ಧವೇ ಸಾಕೆಂದು ನಾವೂ ಒಪ್ಪಿಕೊಂಡೆವು.

ಕನ್ನಡದ ಬಾಗಿಲು ಮುಚ್ಚಿದ್ದರ ಕಥೆ ಬೇರೆ. 1960ರ ದಶಕದಲ್ಲಿ ಅನಕೃ ಅವರಂಥವರ ಮುಂದಾಳತ್ವದ ಚಳವಳಿಯಿಂದ ಡಬ್ಬಿಂಗ್ ನಿಂತಿತು. ಆಗ ಕನ್ನಡ ಚಿತ್ರರಂಗ ಇನ್ನೂ ಎಳೆಯದು. ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆಯಿತ್ತು, ಅದು ಸುಳ್ಳಲ್ಲ. ಆದರೆ ಕಾನೂನಿನಲ್ಲಿಲ್ಲದ ಆ ನಿಷೇಧ ಚಿತ್ರರಂಗ ಬೆಳೆದು ನಿಂತ ಮೇಲೂ ಅರ್ಧ ಶತಮಾನ ಬಾಳಿತು. 2012ರಲ್ಲಿ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೆಟ್ಟಿಲೇರಿತು. 2015ರ ಜುಲೈನಲ್ಲಿ ಆಯೋಗ ಈ ಅಡ್ಡಿಯನ್ನು ಸ್ಪರ್ಧಾ ವಿರೋಧಿ ಎಂದಿತು. 2017ರಲ್ಲಿ ತಮಿಳು ಚಿತ್ರವೊಂದು ಕನ್ನಡಕ್ಕೆ ಡಬ್ ಆಗಿ ಬಂದಾಗ ಪ್ರತಿಭಟನೆಗಳಾದವು. 2020ರ ಲಾಕ್‌ಡೌನ್‌ನಲ್ಲಿ ‘ಮಹಾಭಾರತ’ ಧಾರಾವಾಹಿಯನ್ನು ಕನ್ನಡದಲ್ಲಿ ಕಂಡ ಮನೆಮಂದಿ ಮಾತ್ರ ಯಾವ ವಾದವನ್ನೂ ಹೂಡಲಿಲ್ಲ, ನೋಡಿದರು.

‘ಅವತಾರ್‌’ನ ಪಂಡೋರಾವಾಸಿಗಳಾದ ನಾವಿ ಜನರ ಮಾತಿಗೆ ಪಾಲ್ ಫ್ರಾಮರ್ ಎಂಬ ಭಾಷಾವಿಜ್ಞಾನಿ ವ್ಯಾಕರಣವನ್ನೇ ಕಟ್ಟಿಕೊಟ್ಟಿದ್ದರು. ಭೂಮಿಯ ಮೇಲೆ ಯಾರ ತಾಯ್ನುಡಿಯೂ ಅಲ್ಲದ ಆ ಭಾಷೆ 2009ರಲ್ಲೇ ನಮ್ಮ ಕಿವಿಗೆ ಬಿತ್ತು. ಪಂಡೋರಾದಲ್ಲಿ ಕನ್ನಡ ಕೇಳಲು ಎರಡನೆಯ ಭಾಗ ಬರುವ ತನಕ, 2022ರವರೆಗೆ, ಕಾಯಬೇಕಾಯಿತು.

ಈಗ ಅಡ್ಡಿ ಇರುವುದು ಅನುಮತಿಯಲ್ಲಲ್ಲ, ವೇಳಾಪಟ್ಟಿಯಲ್ಲಿ. ಕನ್ನಡಕ್ಕೆ ಬೇಡಿಕೆ ಇಲ್ಲವೆಂಬ ಮಾತು ಇಲ್ಲಿ ಹೊಸದೇನಲ್ಲ, ಆದರೆ ಬೆಳಗಿನ ಆಟವೊಂದನ್ನಷ್ಟೇ ಇಟ್ಟು ಬೇಡಿಕೆ ಅಳೆಯುವುದು ಎಂಥ ಲೆಕ್ಕವೋ ತಿಳಿಯದು. ಡಬ್ಬಿಂಗ್ ಕನ್ನಡವೂ ಬೆಂಗಳೂರಿನ ಸ್ಟುಡಿಯೋದ ಧಾಟಿಯಲ್ಲಿದ್ದು, ಘಟಪ್ರಭೆಯ ದಂಡೆಯವರಿಗೆ ತಮ್ಮದೆನಿಸುವಂತಿಲ್ಲ ಎಂಬ ಗೊಣಗಾಟದಲ್ಲೂ ಹುರುಳಿದೆ. ನಾಲ್ಕನೆಯ ಭಾಗಕ್ಕೆ 2029ರ ಡಿಸೆಂಬರ್ ಗೊತ್ತುಮಾಡಲಾಗಿದೆ. ಅದು ಬಂದದ್ದೇ ಆದರೆ, ಸಂಜೆ ಆರರ 3ಡಿ ಆಟವೊಂದನ್ನು ಕನ್ನಡಕ್ಕೆ ಬಿಟ್ಟು ನೋಡಲಿ. ಬೇಡಿಕೆ ಇದೆಯೋ ಇಲ್ಲವೋ ಎಂಬುದನ್ನು ಗಲ್ಲಾಪೆಟ್ಟಿಗೆಯೇ ಹೇಳುತ್ತದೆ.