ಎಲ್ಮರ್‌ಗಿಂತ ಮೊದಲು ಮೊಲ ನೋಡಿತ್ತು

1940ರ ಮಾರ್ಚ್‌ನಲ್ಲಿ ವಾರ್ನರ್ ಬ್ರದರ್ಸ್‌ನ ಒಂದು ಕಾರ್ಟೂನ್ ಬಂತು, ‘ಎಲ್ಮರ್ಸ್ ಕ್ಯಾಂಡಿಡ್ ಕ್ಯಾಮೆರಾ’. ನಿರ್ದೇಶಕ ಚಕ್ ಜೋನ್ಸ್. ಕಾಡುಪ್ರಾಣಿಗಳ ಫೋಟೊ ತೆಗೆಯುವುದು ಹೇಗೆ ಅಂತ ಪುಸ್ತಕ ಓದಿಕೊಂಡು, ಎಲ್ಮರ್ ಎಂಬ ಪಾಪದ ಮನುಷ್ಯ ಕ್ಯಾಮೆರಾ ಹಿಡಿದು ಕಾಡಿಗೆ ಹೊರಡುತ್ತಾನೆ. ಅವನಿಗೆ ಬೇಕಾಗಿರುವುದು ಒಂದು ಮೊಲದ ಫೋಟೊ, ಅಷ್ಟೇ. ಆ ಮೊಲವೋ ಅವನನ್ನು ಚೆನ್ನಾಗಿ ಗೋಳು ಹೊಯ್ದುಕೊಳ್ಳುತ್ತದೆ. ಕೊನೆಗೆ ತಲೆ ಕೆಟ್ಟು ಅವನು ನೀರಿಗೆ ಬೀಳುತ್ತಾನೆ. ಮೊಲವೇ ದಡಕ್ಕೆ ಎಳೆದು ತರುತ್ತದೆ. ಹುಷಾರಾದನಾ ಅಂತ ವಿಚಾರಿಸಿ, ಮತ್ತೆ ನೀರಿಗೇ ಒದೆಯುತ್ತದೆ! ಮುಂದೆ ಹೆಸರಾದ ಕಾರ್ಟೂನ್ ಮೊಲ ಬಗ್ಸ್ ಬನ್ನಿ ಪೂರ್ತಿ ರೂಪುಗೊಳ್ಳುವ ಮುಂಚಿನ ಮೊಲ ಇದು.

ತಮಾಷೆ ಬಿಟ್ಟು ನೋಡಿದರೂ ಎಲ್ಮರ್ ಗೆಲ್ಲುವುದು ಕಷ್ಟವಿತ್ತು. ಮೊಲದ ಕಣ್ಣುಗಳಿರುವುದು ತಲೆಯ ಅಕ್ಕಪಕ್ಕದಲ್ಲಿ, ಸ್ವಲ್ಪ ಎತ್ತರದಲ್ಲಿ. ಹಾಗಾಗಿ ಕತ್ತು ತಿರುಗಿಸದೆಯೇ ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಸರಿಯಾಗಿ ಕಾಣದ ಜಾಗ ಅದರ ಮೂಗಿನ ಮುಂದೆಯೇ! ಹಿಂದಿನಿಂದ ಮೆಲ್ಲಗೆ ಹೋದರಾಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಾರ್ಟೂನ್‌ನಲ್ಲಿ ಬಲೆಗೆ ಸಿಕ್ಕ ಮೊಲ ಸತ್ತಂತೆ ನಟಿಸುವ ದೃಶ್ಯವೂ ಇದೆ. ನಿಜವಾದ ಮೊಲವನ್ನು ಅಂಗಾತ ಮಲಗಿಸಿದರೆ ಎಷ್ಟೋ ಸಲ ಅಲ್ಲಾಡದೆ ಬಿದ್ದುಕೊಳ್ಳುತ್ತದೆ. ‘ಎಷ್ಟು ಹಾಯಾಗಿ ಮಲಗಿದೆ, ಅಲ್ವಾ’ ಅಂತ ವಿಡಿಯೊ ಮಾಡುವವರೂ ಇದ್ದಾರೆ. ಅದು ಹಾಯಲ್ಲ, ನಾಟಕವೂ ಅಲ್ಲ. ಬೇಟೆಗಾರನ ಬಾಯಿಗೆ ಸಿಕ್ಕೆ ಎಂಬ ಭಯಕ್ಕೆ ದೇಹ ಮರಗಟ್ಟುವುದು. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಾಣಿಯ ಹಿಂದೆ ಅಲೆಯುವ ಬದಲು ಅದರ ಕೈಯಲ್ಲೇ ಫೋಟೊ ತೆಗೆಸಿದರೆ? ಅಮೆರಿಕದ ವಕೀಲ ಜಾರ್ಜ್ ಶಿರಾಸ್ ಎಲ್ಮರ್‌ಗಿಂತ ಬಹಳ ಮೊದಲೇ ಅದನ್ನು ಮಾಡಿದ್ದರು. ಕಾಡಿನ ದಾರಿಗೆ ಅಡ್ಡ ದಾರ ಕಟ್ಟುವುದು. ಪ್ರಾಣಿ ಅದನ್ನು ಎಳೆದರೆ ಫ್ಲ್ಯಾಶ್ ಪುಡಿ ಭಗ್ಗೆಂದು ಉರಿದು ಚಿತ್ರ ಮೂಡುತ್ತದೆ. 1906ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ ಅವರ 74 ಚಿತ್ರಗಳು ಬಂದವು.

ಈಗ ದಾರದ ಜಾಗದಲ್ಲಿ ಸೆನ್ಸರ್ ಇದೆ. ಬೆಚ್ಚಗಿನ ಮೈ ಮುಂದೆ ಹಾದರೆ ಸಾಕು, ಕ್ಲಿಕ್. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಬಂದಾಗ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿದರು. ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈಯದೇ ಬೇರೆ. ಅದಕ್ಕೇ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು. ಆನೆಗಳಿಗೆ ಇದೆಲ್ಲ ಇಷ್ಟವಾಗುವುದಿಲ್ಲವೋ ಏನೋ, ಆಗಾಗ ಕ್ಯಾಮೆರಾವನ್ನೇ ಕಿತ್ತು ಎಸೆಯುತ್ತವೆ.