ದುಬಾರಿ ಟ್ಯೂಬ್ ಆಂಪ್ ತಗೊಳ್ಳೋ ಮುಂಚೆ: ಸೌಂಡ್ ಒಡೆಯೋದು ಎಲ್ಲಿ ಅಂತ ನೋಡ್ಕೊಳ್ಳಿ

ಟ್ಯೂಬ್ ಆಂಪ್ (ಹಳೇ ರೇಡಿಯೋ ಥರ ಗಾಜಿನ ವಾಲ್ವ್‌ಗಳಿಂದ ನಡೆಯೋ ಗಿಟಾರ್ ಆಂಪ್ಲಿಫೈಯರ್) ಬಗ್ಗೆ ಓದೋಕೆ ಕೂತ್ರೆ ಮೊದಲು ಎದುರಾಗೋದು ಬ್ರ್ಯಾಂಡ್ ಹೆಸರುಗಳು, ಯಾವ ಗಿಟಾರಿಸ್ಟ್ ಯಾವುದು ನುಡಿಸ್ತಾನೆ ಅನ್ನೋ ಪಟ್ಟಿ, ಆಮೇಲೆ ಎದೆ ಧಸಕ್ ಅನ್ನಿಸೋ ಬೆಲೆ. ಇದೆಲ್ಲ ಕೊನೆಗೆ ನೋಡಿದ್ರೂ ನಡೆಯುತ್ತೆ. ಲಕ್ಷಗಟ್ಟಲೆ ಸುರಿಯೋರು ಮೊದಲು ಕೇಳ್ಕೋಬೇಕಾಗಿರೋದು ಇಷ್ಟೇ ಅಂತ ನನಗನ್ಸುತ್ತೆ: ಈ ಆಂಪ್ ಒಳಗೆ ಸೌಂಡ್ ಯಾವ ಜಾಗದಲ್ಲಿ ಒಡೆಯುತ್ತೆ (ಅಂದ್ರೆ ಕ್ಲೀನ್ ಬಿಟ್ಟು ಗರಗರ ಡಿಸ್ಟಾರ್ಶನ್‌ಗೆ ತಿರುಗುತ್ತೆ), ಅದು ಒಡೆಯೋ ಹೊತ್ತಿಗೆ ನಮ್ಮ ರೂಮಲ್ಲಿ ಎಷ್ಟು ಗದ್ದಲ ಇರುತ್ತೆ? ಈ ಟಿಪ್ಪಣಿ ಪೂರ್ತಿ ಇದರ ಸುತ್ತಾನೇ.

ಮೊದಲು ಸಿಗ್ನಲ್ ಹೋಗೋ ದಾರಿ ನೋಡೋಣ. ಗಿಟಾರ್ ಪಿಕಪ್‌ನಿಂದ (ತಂತಿಯ ಅಲುಗಾಟವನ್ನ ಕರೆಂಟ್ ಮಾಡೋ ಭಾಗ) ಬರೋದು ತುಂಬಾ ಸಣ್ಣ ವೋಲ್ಟೇಜ್, ಅದನ್ನ ಪ್ರೀಆಂಪ್ ಟ್ಯೂಬ್‌ಗಳು ದೊಡ್ಡದು ಮಾಡ್ತವೆ, ಸಾಮಾನ್ಯವಾಗಿ 12ಎಎಕ್ಸ್7, ಅದನ್ನೇ ಯುರೋಪಲ್ಲಿ ಇಸಿಸಿ83 ಅಂತಾರೆ. ಆಮೇಲೆ ಟೋನ್ ಕಂಟ್ರೋಲ್, ಆಮೇಲೆ ಫೇಸ್ ಇನ್ವರ್ಟರ್, ಇದು ಸಿಗ್ನಲ್ಲನ್ನ ಒಂದಕ್ಕೊಂದು ಉಲ್ಟಾ ಇರೋ ಎರಡು ಭಾಗ ಮಾಡಿ ಪವರ್ ಟ್ಯೂಬ್‌ಗಳಿಗೆ ಕೊಡುತ್ತೆ. ಪವರ್ ಟ್ಯೂಬ್ ಅಂದ್ರೆ 6ವಿ6, 6ಎಲ್6, ಇಎಲ್84, ಇಎಲ್34 ಇವೇ ನಾಲ್ಕು ಹೆಚ್ಚು ಕಾಣಿಸೋದು. ಅಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೊನೆಗೆ ಸ್ಪೀಕರ್. ಇದರಲ್ಲಿ ಯಾವ ಹಂತದಲ್ಲಿ ಬೇಕಾದ್ರೂ ಡಿಸ್ಟಾರ್ಶನ್ ಹುಟ್ಟಬಹುದು, ಒಂದೊಂದು ಜಾಗದ್ದೂ ಒಂದೊಂದು ಥರ ಕೇಳ್ಸುತ್ತೆ. ಪ್ರೀಆಂಪಲ್ಲಿ ಒಡೆದಿದ್ದು ಬಿಗಿಯಾಗಿ, ಝೇಂಕರಿಸಿಕೊಂಡು ಬರುತ್ತೆ, ಮಾಸ್ಟರ್ ವಾಲ್ಯೂಮ್ (ಪ್ರೀಆಂಪ್ ಆದ ಮೇಲೆ ಒಟ್ಟು ಸದ್ದು ಹಿಡಿಯೋ ನಾಬ್) ಇಳಿಸಿ ಮೆಲ್ಲಗೂ ಕೇಳಬಹುದು. ಪವರ್ ಟ್ಯೂಬಲ್ಲಿ ಸೌಂಡ್ ಒಡೆಯಬೇಕು ಅಂದ್ರೆ ಆಂಪನ್ನ ಪೂರ್ತಿ ಏರಿಸಲೇಬೇಕು, ಆಗ ಬೆರಳಿನ ಒತ್ತಡಕ್ಕೆ ತಕ್ಕಂಗೆ ಬಗ್ಗುತ್ತೆ ಏಳುತ್ತೆ, ಜನ ಹುಚ್ಚಾಗಿ ಹಿಂದೆ ಬೀಳೋದು ಇದಕ್ಕೇ.

ಇಲ್ಲೇ ವಾಟ್ ಲೆಕ್ಕ ಬರೋದು, ಬಹಳ ಜನ ಇದನ್ನ ತಪ್ಪಾಗಿ ತಿಳ್ಕೊಂಡಿರ್ತಾರೆ. 100 ವಾಟ್ ಆಂಪ್ 50 ವಾಟ್‌ಗಿಂತ ಎರಡು ಪಟ್ಟು ಜೋರಲ್ಲ, ಬರೀ 3 ಡೆಸಿಬೆಲ್ ಜಾಸ್ತಿ, ಅಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸಬೇಕು ಅಂದ್ರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಲೆಕ್ಕ ಹಾಕಿ ನೋಡಿ: ಸ್ಪೀಕರ್‌ನ ಸೆನ್ಸಿಟಿವಿಟಿ 97 ಡೆಸಿಬೆಲ್ ಅಂದ್ರೆ 1 ವಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 97 ಬರುತ್ತೆ ಅಂತ. ಅದಕ್ಕೇ 22 ವಾಟ್ ಕೊಟ್ರೆ 110ರ ಹತ್ರ, 100 ವಾಟ್ ಕೊಟ್ರೆ 117. ಬೆಡ್‌ರೂಮಲ್ಲಿ 110 ಅಂದ್ರೆ ಮನೆಯವರಿರ್ಲಿ, ಪಕ್ಕದ ಬಿಲ್ಡಿಂಗ್‌ನವರೂ ಬಂದು ಬಾಗಿಲು ಬಡೀತಾರೆ. ತಮಾಷೆ ಏನಂದ್ರೆ ಬರೀ 1 ವಾಟ್ ಆಂಪ್ ಪೂರ್ತಿ ಏರಿಸಿದ್ರೂ 97, ಅದೂ ಅಪಾರ್ಟ್‌ಮೆಂಟ್‌ಗೆ ಜಾಸ್ತಿನೇ. ಹಂಗಾಗಿ "ಚಿಕ್ಕ ವಾಟ್ ತಗೊಂಡ್ರೆ ಮನೇಲಿ ಪವರ್ ಟ್ಯೂಬ್ ಒಡೆಸಬಹುದು" ಅನ್ನೋ ಮಾತು ಅರ್ಧ ಮಾತ್ರ ನಿಜ.

ಇನ್ನೊಂದು ಕಡೆ ಸ್ಪೀಕರ್ ಸೆನ್ಸಿಟಿವಿಟಿನೂ ಅಷ್ಟೇ ಮುಖ್ಯ. 97ರ ಸ್ಪೀಕರ್ ತೆಗೆದು 100ರದ್ದು ಹಾಕಿದ್ರೆ ಆಂಪ್ ವಾಟ್ ಡಬಲ್ ಮಾಡಿದಂಗೇ ಆಯ್ತು. ಐವತ್ತು ವಾಟ್‌ನಿಂದ ನೂರಕ್ಕೆ ಹೋಗೋಕೆ ಎಷ್ಟು ದುಡ್ಡು, ಒಂದು ಸ್ಪೀಕರ್‌ಗೆ ಎಷ್ಟು ದುಡ್ಡು, ನೀವೇ ಯೋಚನೆ ಮಾಡಿ.

ಈಗ ಕುಟುಂಬಗಳು. ಹೈ ಎಂಡ್ ಅಂತ ಮಾರೋ ಆಂಪ್‌ಗಳಲ್ಲಿ ಬಹುಪಾಲು ನಾಲ್ಕೈದು ಹಳೇ ಸರ್ಕ್ಯೂಟ್‌ಗಳ ಮಕ್ಕಳು ಮೊಮ್ಮಕ್ಕಳೇ, ಅದಕ್ಕೆ ಅಜ್ಜ ಯಾರು ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಫೆಂಡರ್ ಕಡೆಯಿಂದ ಶುರು ಮಾಡೋಣ. 1963ರಲ್ಲಿ ಬಂದ ಡೀಲಕ್ಸ್ ರಿವರ್ಬ್ ಎರಡು 6ವಿ6, ಒಂದು 12 ಇಂಚಿನ ಸ್ಪೀಕರ್, 22 ವಾಟ್. ಇದರಲ್ಲಿ ಜಿಝಡ್34 ರೆಕ್ಟಿಫೈಯರ್ ಟ್ಯೂಬ್ (ಎಸಿ ಕರೆಂಟನ್ನ ಡಿಸಿ ಮಾಡೋದು) ಇದೆ. ಜೋರಾಗಿ ಒಂದು ಕಾರ್ಡ್ ಹೊಡೆದಾಗ ಪವರ್ ಟ್ಯೂಬ್‌ಗಳು ಒಮ್ಮೆಲೇ ಕರೆಂಟ್ ಎಳೀತವೆ, ರೆಕ್ಟಿಫೈಯರ್ ಅಷ್ಟು ಕೊಡೋಕಾಗದೆ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತೆ, ತೋಟದಲ್ಲಿ ಪಂಪ್‌ಸೆಟ್ ಆನ್ ಆದಾಗ ಮನೆ ಬಲ್ಬ್ ಮಂಕಾಗುತ್ತಲ್ಲ ಹಂಗೆ. ಇದಕ್ಕೆ ಸ್ಯಾಗ್ ಅಂತಾರೆ, ನೋಟಿನ ತುದಿ ಮೆತ್ತಗಾಗೋದು ಇದರಿಂದ. ಅದೇ ಕಂಪನಿಯ ಟ್ವಿನ್ ರಿವರ್ಬ್‌ನಲ್ಲಿ ನಾಲ್ಕು 6ಎಲ್6, 85 ವಾಟ್, ರೆಕ್ಟಿಫೈಯರ್ ಜಾಗದಲ್ಲಿ ಸಿಲಿಕಾನ್ ಡಯೋಡ್. ಅದು ಅಷ್ಟು ಸುಲಭಕ್ಕೆ ಬಗ್ಗಲ್ಲ, ತುಂಬಾ ಏರಿಸೋವರೆಗೂ ಕ್ಲೀನಾಗೇ ಇರುತ್ತೆ, ಪೆಡಲ್ (ಕಾಲಲ್ಲಿ ಒತ್ತೋ ಎಫೆಕ್ಟ್ ಡಬ್ಬಿ) ಹಾಕಿ ನುಡಿಸೋರಿಗೆ ಬೆಸ್ಟು. ತೂಕ ಮಾತ್ರ 29 ಕೆಜಿ ಹತ್ರ, ಮೂರನೇ ಮಹಡಿಯಲ್ಲಿ ಲಿಫ್ಟ್ ಇಲ್ಲದೆ ಇರೋರು ಇದನ್ನೂ ಟೋನ್ ಜೊತೆ ಲೆಕ್ಕಕ್ಕೆ ತಗೋಬೇಕು.

ಮಾರ್ಷಲ್ ಕಥೆ ಫೆಂಡರ್‌ನಿಂದಲೇ ಹುಟ್ಟಿದ್ದು. ಲಂಡನ್‌ನಲ್ಲಿ ಡ್ರಮ್ಸ್ ಅಂಗಡಿ ಇಟ್ಕೊಂಡಿದ್ದ ಜಿಮ್ ಮಾರ್ಷಲ್ ಮತ್ತೆ ಅವರ ಜೊತೆಗಾರರಾದ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ 1962-63ರ ಹೊತ್ತಿಗೆ ಜೆಟಿಎಂ45 ಮಾಡಿದ್ರು, ಅದು ಫೆಂಡರ್ ಬ್ಯಾಸ್‌ಮನ್ 5ಎಫ್6-ಎ ಸರ್ಕ್ಯೂಟಿನ ಹೆಚ್ಚುಕಮ್ಮಿ ನಕಲು. ಆದ್ರೂ ಎರಡೂ ಬೇರೆ ಬೇರೆ ಕೇಳ್ಸುತ್ತೆ, ಯಾಕಂದ್ರೆ ಚಿಕ್ಕ ಚಿಕ್ಕ ಬದಲಾವಣೆಗಳು. ಬ್ಯಾಸ್‌ಮನ್‌ನಲ್ಲಿ ಮೊದಲ ಟ್ಯೂಬ್ 12ಎವೈ7, ಅದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ ಸುಮಾರು 44. ಮಾರ್ಷಲ್‌ನಲ್ಲಿ ಅಲ್ಲಿಗೆ ಇಸಿಸಿ83 ಬಂತು, ಅದರದ್ದು 100. ಅಲ್ಲಿಗೇ ಗೇನ್, ಅಂದ್ರೆ ಸಿಗ್ನಲ್ ದೊಡ್ಡದಾಗೋ ಪ್ರಮಾಣ, ಏರಿತು. ಬ್ಯಾಸ್‌ಮನ್ ಹಿಂಬದಿ ತೆರೆದಿರೋ ಪೆಟ್ಟಿಗೆ, ನಾಲ್ಕು 10 ಇಂಚಿನ ಸ್ಪೀಕರ್. ಮಾರ್ಷಲ್ ಹೆಡ್ಡಿಗೆ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಜೊತೆಯಾಗಿದ್ದು ಹಿಂಬದಿ ಮುಚ್ಚಿದ ಕ್ಯಾಬಿನೆಟ್, ಅದರಲ್ಲಿ ನಾಲ್ಕು 12 ಇಂಚಿನ ಸೆಲೆಶನ್ ಸ್ಪೀಕರ್. ಕಾಗದದ ಮೇಲೆ ಒಂದೇ ಸರ್ಕ್ಯೂಟ್, ಸ್ಪೀಕರ್ ಮತ್ತೆ ಪೆಟ್ಟಿಗೆ ಬದಲಾಯ್ತು, ರಾಕ್ ಸಂಗೀತದ ಸೌಂಡೇ ಬದಲಾಯ್ತು. ಮುಂದೆ ಇಎಲ್34 ಬಂದ ಮೇಲೆ ಈಗ ಎಲ್ರೂ ಪ್ಲೆಕ್ಸಿ ಅನ್ನೋ ಆ ಗರ್ಜನೆ.

ವಾಕ್ಸ್ ಎಸಿ30 ಬೇರೇನೇ ಜಾತಿ. ಇಂಗ್ಲೆಂಡಿನ ಕೆಂಟ್‌ನ ಡಾರ್ಟ್‌ಫರ್ಡ್‌ನಲ್ಲಿ ಟಾಮ್ ಜೆನ್ನಿಂಗ್ಸ್ ಕಂಪನಿಗೆ ಡಿಕ್ ಡೆನ್ನಿ ಡಿಸೈನ್ ಮಾಡಿದ್ದು, ಬಂದಿದ್ದು 1959ರಲ್ಲಿ. ನಾಲ್ಕು ಇಎಲ್84, ಕ್ಯಾಥೋಡ್ ಬಯಾಸ್ (ನುಡಿಸದೆ ಇದ್ದಾಗ ಪವರ್ ಟ್ಯೂಬಲ್ಲಿ ಹರಿಯೋ ಕರೆಂಟನ್ನ ತಾನೇ ಹೊಂದಿಸ್ಕೊಳ್ಳೋ ವ್ಯವಸ್ಥೆ), ಪವರ್ ಭಾಗದಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗ ಉಲ್ಟಾ ವಾಪಸ್ ಕೊಟ್ಟು ತಿದ್ದೋದು) ಇಲ್ಲ. ಫೀಡ್‌ಬ್ಯಾಕ್ ಇಲ್ಲದ್ರಿಂದ ಕ್ಲೀನ್‌ನಿಂದ ಒಡೆಯೋ ಕಡೆಗೆ ನಿಧಾನಕ್ಕೆ ಜಾರುತ್ತೆ, ಮೇಲಿನ ಸ್ವರಗಳು ಗಂಟೆ ಬಾರಿಸಿದ ಹಾಗೆ ಮಿಣುಗುಟ್ಟುತ್ವೆ. ಇದನ್ನ ಕ್ಲಾಸ್ ಎ (ಪವರ್ ಟ್ಯೂಬ್ ಯಾವಾಗ್ಲೂ ಆನ್ ಇರೋದು) ಅಂತ ಮಾರಾಟ ಮಾಡೋದು ವಾಡಿಕೆ, ಆದ್ರೆ ಏರಿಸಿ ನುಡಿಸುವಾಗ ನಡೆಯೋದು ಕ್ಲಾಸ್ ಎಬಿ (ಟ್ಯೂಬ್‌ಗಳು ಸರದಿಯಲ್ಲಿ ಸ್ವಲ್ಪ ಹೊತ್ತು ಆಫ್ ಆಗೋದು) ಥರಾನೇ, ಆ ಲೇಬಲ್‌ಗೆ ಎಕ್ಸ್ಟ್ರಾ ದುಡ್ಡು ಕೊಡಬೇಡಿ. ಮ್ಯಾಚ್‌ಲೆಸ್ ಕಂಪನಿಯ ಡಿಸಿ-30 ಇದೇ ಮನೆತನದ್ದು, ಕೈಯಲ್ಲಿ ಕಟ್ಟಿದ ಗಟ್ಟಿ ಆವೃತ್ತಿ ಅನ್ನಬಹುದು.

ಇನ್ನೊಂದು ದಾರಿ ಪ್ರೀಆಂಪಲ್ಲೇ ಒಂದರ ಹಿಂದೆ ಒಂದು ಟ್ಯೂಬ್ ಹಂತ ಕೂಡಿಸಿ ಗೇನ್ ತೆಗೆಯೋದು. ಕ್ಯಾಲಿಫೋರ್ನಿಯಾದ ರ್‍ಯಾಂಡಲ್ ಸ್ಮಿತ್ ಚಿಕ್ಕ ಫೆಂಡರ್ ಪ್ರಿನ್ಸ್‌ಟನ್‌ಗಳನ್ನ ಬಿಚ್ಚಿ ದೊಡ್ಡ ಟ್ರಾನ್ಸ್‌ಫಾರ್ಮರ್, 12 ಇಂಚಿನ ಸ್ಪೀಕರ್ ತುರುಕಿ ಮಾರ್ತಿದ್ರು, ಮೆಸಾ ಬೂಗಿ ಕಂಪನಿ ಹುಟ್ಟಿದ್ದು ಅಲ್ಲಿ. ಮೈಕ್ ಸೊಲ್ಡಾನೊ 1987ರಲ್ಲಿ ತಂದ ಎಸ್ಎಲ್ಒ-100 ಇದನ್ನ ಇನ್ನೂ ಮುಂದಕ್ಕೆ ಒಯ್ತು, ಈಗಿನ ಹೈ ಗೇನ್ ಆಂಪ್‌ಗಳಲ್ಲಿ ಬಹಳಷ್ಟಕ್ಕೆ ಅದರ ಋಣ ಇದೆ. ಮನೆಯಲ್ಲೇ ಹೆಚ್ಚು ನುಡಿಸೋರಿಗೆ, ಮೆಟಲ್ ಇಷ್ಟ ಪಡೋರಿಗೆ, ನಿಜ ಹೇಳ್ಬೇಕಂದ್ರೆ ಈ ದಾರಿನೇ ಸರಿ, ಯಾಕಂದ್ರೆ ಇಲ್ಲಿ ಒಡೆಯೋದು ಪ್ರೀಆಂಪಲ್ಲಿ, ಮಾಸ್ಟರ್ ಇಳಿಸಿದ್ರೂ ಸೌಂಡಿನ ಗುಣ ಬಹುಪಾಲು ಉಳಿಯುತ್ತೆ.

ಕೈಯಲ್ಲೇ ಆಂಪ್ ಕಟ್ಟಿ ಹೆಸರಾದ ಡಂಬಲ್ ಬಗ್ಗೆ ಒಂದು ಮಾತು. ಅಲೆಕ್ಸಾಂಡರ್ ಡಂಬಲ್ 2022ರಲ್ಲಿ ತೀರಿಕೊಂಡ್ರು, ಜೀವನಪೂರ್ತಿ ಮಾಡಿದ್ದು ಕೆಲವೇ ನೂರು ಆಂಪ್, ಸರ್ಕ್ಯೂಟ್ ಯಾರೂ ನೋಡಬಾರದು ಅಂತ ಮೇಲೆ ಎಪಾಕ್ಸಿ ಸುರೀತಿದ್ರು. ಟ್ರೇನ್‌ರೆಕ್ ಮಾಡ್ತಿದ್ದ ಕೆನ್ ಫಿಶರ್ ಅಂತೂ ಆಂಪ್‌ಗಳಿಗೆ ಸೀರಿಯಲ್ ನಂಬರ್ ಬದಲು ಹೆಂಗಸರ ಹೆಸರಿಡ್ತಿದ್ರು. ಕಥೆ ಕೇಳೋಕೆ ಚೆನ್ನಾಗಿದೆ, ಈ ಆಂಪ್‌ಗಳ ದುಬಾರಿ ಬೆಲೆಯಲ್ಲಿ ದೊಡ್ಡ ಪಾಲು ಹೋಗೋದೂ ಆ ಕಥೆಗೇ. ಅದೇ ಶೈಲಿಯ ಸೌಂಡ್ ಬೇಕಂದ್ರೆ ಟೂ-ರಾಕ್ ಥರದ ಕಂಪನಿಗಳು ಇವೆ, ಅವೇನೂ ಅಗ್ಗ ಅಲ್ಲ ಬಿಡಿ.

ಹಂಗಾದ್ರೆ ದುಬಾರಿ ಆಂಪ್‌ನಲ್ಲಿ ದುಡ್ಡು ಹೋಗೋದು ಎಲ್ಲಿಗೆ? ಟ್ರಾನ್ಸ್‌ಫಾರ್ಮರ್‌ಗೆ, ಸ್ಪೀಕರ್‌ಗೆ, ಪೆಟ್ಟಿಗೆಗೆ, ಕೈಕೆಲಸಕ್ಕೆ. ಕೈಯಲ್ಲಿ ವೈರಿಂಗ್ ಮಾಡಿದ್ದು ತಾನಾಗೇ ಚೆನ್ನಾಗಿ ಕೇಳ್ಸುತ್ತೆ ಅಂತೇನಿಲ್ಲ, ಒಳ್ಳೆ ಪಿಸಿಬಿ (ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ಇರೋ ಆಂಪ್ ಕೂಡ ಅದ್ಭುತವಾಗಿ ನುಡಿಯುತ್ತೆ. ಕೈ ವೈರಿಂಗ್‌ನ ಲಾಭ ಇರೋದು ರಿಪೇರಿಯಲ್ಲಿ: ಒಂದು ರೆಸಿಸ್ಟರ್ ಹೋದ್ರೆ ಯಾವ ಟೆಕ್ನಿಷಿಯನ್ ಬೇಕಾದ್ರೂ ಬಿಚ್ಚಿ ಹಾಕಬಹುದು. ಪಿಸಿಬಿಯಲ್ಲಿ ನಾನು ಮೊದಲು ನೋಡೋದು ಟ್ಯೂಬ್ ಸಾಕೆಟ್ ನೇರ ಬೋರ್ಡ್ ಮೇಲೆ ಕೂತಿದ್ಯಾ ಇಲ್ಲ ಷಾಸಿ (ಲೋಹದ ಚೌಕಟ್ಟು) ಮೇಲಾ ಅಂತ, ಯಾಕಂದ್ರೆ ಪವರ್ ಟ್ಯೂಬ್ ಬಿಸಿ ವರ್ಷಗಟ್ಟಲೆ ಬೋರ್ಡಿಗೆ ತಾಗ್ತಾ ಇದ್ರೆ ಅದು ಸುಟ್ಟು ಕಪ್ಪಾಗುತ್ತೆ.

ನಮ್ಮೂರಿಗೆ ಸಂಬಂಧಪಟ್ಟಿದ್ದು ಈಗ. ಅಮೆರಿಕದಿಂದ ಯಾರಾದ್ರೂ ನೆಂಟರ ಕೈಯಲ್ಲಿ ತರಿಸೋ ಪ್ಲಾನ್ ಇದ್ರೆ ಹಿಂಬದಿಯ ಪ್ಲೇಟ್ ಫೋಟೋ ಮೊದಲು ಕೇಳಿ. ಅಲ್ಲಿಂದು 120 ವೋಲ್ಟ್ 60 ಹರ್ಟ್ಝ್, ನಮ್ಮದು 230 ವೋಲ್ಟ್ 50 ಹರ್ಟ್ಝ್. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಝ್ ಬದಲಾಯಿಸಲ್ಲ, ಬರೀ 60ಕ್ಕೆ ಅಂತ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತೆ. ಕೆಲವು ಆಂಪ್‌ಗಳಲ್ಲಿ 230ಕ್ಕೆ ಬದಲಾಯಿಸೋ ಸ್ವಿಚ್ಚೋ ಒಳಗೆ ಟ್ಯಾಪೋ (230ಕ್ಕೆ ಜೋಡಿಸೋ ಬೇರೆ ವೈರ್) ಇರುತ್ತೆ, ಕೆಲವದ್ರಲ್ಲಿ ಇರೋದೇ ಇಲ್ಲ.

ಟ್ಯೂಬ್ ಸಿಗೋದೂ ಯೋಚಿಸಬೇಕು. ಒಂದು ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲೇ 1961ರಿಂದ ರೇಡಿಯೋ ವಾಲ್ವ್ ಮಾಡ್ತಿದ್ರು, ಬಿಇಎಲ್ ಅಂತ ಅಚ್ಚಾಗಿರೋ ಇಎಲ್84ನ ಈಗ್ಲೂ ಹೊರದೇಶದವರು ಹುಡುಕಿ ತಗೋತಾರೆ. ಈಗ ಪ್ರಪಂಚದಲ್ಲಿ ಗಿಟಾರ್ ಟ್ಯೂಬ್ ದೊಡ್ಡ ಪ್ರಮಾಣದಲ್ಲಿ ಬರೋದು ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್ ಫ್ಯಾಕ್ಟರಿ, ಮತ್ತೆ ಚೀನಾದಿಂದ, ಅಷ್ಟೇ. 2022ರಲ್ಲಿ ರಷ್ಯಾ ರಫ್ತಿಗೆ ಸ್ವಲ್ಪ ದಿನ ತಡೆ ಬಿದ್ದಾಗ ಎಲ್ಲಾ ಕಡೆ ಟ್ಯೂಬ್‌ಗೆ ಪರದಾಟ ಆಯ್ತು. ಅದಕ್ಕೇ ಮೇಲೆ ಹೇಳಿದ ನಾಲ್ಕು ಪವರ್ ಟ್ಯೂಬ್‌ಗಳಲ್ಲಿ ಒಂದನ್ನ ಬಳಸೋ ಆಂಪ್ ತಗೊಂಡು, ಒಂದು ಸೆಟ್ ಎಕ್ಸ್ಟ್ರಾ ಇಟ್ಕೊಳ್ಳೋದು ಜಾಣತನ.

ಟ್ಯೂಬ್ ಬದಲಾಯಿಸಿದ್ರೆ ಬಯಾಸ್ ನೋಡಬೇಕಾ? ಕ್ಯಾಥೋಡ್ ಬಯಾಸ್ ಆಂಪ್ ತಾನೇ ಸರಿ ಮಾಡ್ಕೊಳ್ಳುತ್ತೆ. ಫಿಕ್ಸ್‌ಡ್ ಬಯಾಸ್ ಅನ್ನೋದನ್ನ ಹೆಸರಿಗೆ ವಿರುದ್ಧವಾಗಿ ಸೆಟ್ ಮಾಡ್ಬೇಕು. ಸಾಮಾನ್ಯ ನಿಯಮ ಗರಿಷ್ಠ ಪ್ಲೇಟ್ ಡಿಸಿಪೇಶನ್‌ನ (ಟ್ಯೂಬ್ ತಡ್ಕೊಳ್ಳೋ ಬಿಸಿಯ ಮಿತಿ) 70%: ಇಎಲ್34ಗೆ ಗರಿಷ್ಠ 25 ವಾಟ್, 70% ಅಂದ್ರೆ 17.5, ಪ್ಲೇಟ್ ವೋಲ್ಟೇಜ್ 450 ಇದ್ರೆ 17.5 ಭಾಗಿಸು 450, ಟ್ಯೂಬ್‌ಗೆ ಸುಮಾರು 39 ಮಿಲಿಆಂಪ್. ಲೆಕ್ಕ ಕಲೀರಿ, ಆದ್ರೆ ಷಾಸಿ ಒಳಗೆ ಕೈ ಹಾಕೋದು ಕಲಿತವರಿಗೆ ಬಿಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಮೇಲೆ ಉಳಿದಿರಬಹುದು, ಅದು ಪ್ರಾಣ ತೆಗೆಯೋ ಶಾಕ್.

ಇನ್ನೊಂದು, ಸ್ಪೀಕರ್ ಕನೆಕ್ಟ್ ಮಾಡದೆ ಟ್ಯೂಬ್ ಆಂಪ್ ನುಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಸ್ಪೀಕರ್ 4, 8, 16 ಓಮ್ ಯಾವುದೋ, ಆಂಪ್‌ನ ಔಟ್‌ಪುಟ್ಟನ್ನ ಅದಕ್ಕೇ ಹೊಂದಿಸಿ. ಮನೇಲಿ ಪವರ್ ಟ್ಯೂಬ್ ಒಡೆಸೋ ಆಸೆ ಇದ್ರೆ ನಡುವೆ ರಿಯಾಕ್ಟಿವ್ ಲೋಡ್ ಇರೋ ಅಟೆನ್ಯುಯೇಟರ್ (ಆಂಪ್‌ಗೆ ಸ್ಪೀಕರ್ ಥರಾನೇ ಕಾಣಿಸಿ, ಪವರ್ ನುಂಗಿ ಸದ್ದು ಇಳಿಸೋ ಡಬ್ಬಿ) ಹಾಕಿ, ಅದರ ದುಡ್ಡನ್ನ ಆಂಪ್ ಬಜೆಟ್ ಒಳಗೇ ಮೊದಲೇ ತೆಗೆದಿಡಿ.

ಅಂಗಡಿಯಲ್ಲೋ ಸೆಕೆಂಡ್ ಹ್ಯಾಂಡ್ ಮಾರೋರ ಮನೇಲೋ ಟ್ರೈ ಮಾಡುವಾಗ ನಿಮ್ಮ ಗಿಟಾರನ್ನೇ ಒಯ್ಯಿರಿ, ಪೆಡಲ್ ಬೇಡ. ಆಂಪ್ ವಾಲ್ಯೂಮ್ ಒಡೆಯೋ ಮಟ್ಟಕ್ಕೆ ಏರಿಸಿ, ಗಿಟಾರ್ ವಾಲ್ಯೂಮನ್ನ ನಿಧಾನಕ್ಕೆ ಇಳಿಸಿ, ಕ್ಲೀನಾಗುತ್ತಾ ಇಲ್ಲ ಬರೀ ಮಂಕಾಗುತ್ತಾ ಕೇಳಿ. ಪ್ರೀಆಂಪ್ ಟ್ಯೂಬ್‌ಗಳನ್ನ ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ, ಸ್ಪೀಕರ್‌ನಲ್ಲಿ ಜೋರಾಗಿ ಟಣ್ ಅಂದ್ರೆ ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ, ಅದೇನು ದೊಡ್ಡ ಖರ್ಚಲ್ಲ, ಬೆಲೆ ಇಳಿಸೋಕೆ ಒಂದು ನೆಪ ಅಷ್ಟೇ. ಪವರ್ ಟ್ರಾನ್ಸ್‌ಫಾರ್ಮರ್ ಕೈ ಇಡಲಾಗದಷ್ಟು ಬಿಸಿಯಾಗಿದ್ರೆ, ಇಲ್ಲ ಸುಟ್ಟ ವಾಸನೆ ಬರ್ತಿದ್ರೆ, ಎಷ್ಟೇ ಚೌಕಾಸಿಗೆ ಒಪ್ಪಿದ್ರೂ ಬಿಟ್ಟು ಬನ್ನಿ.