ಮಾತು ತಡವಾದಾಗ ವಂಶದ ಲೆಕ್ಕ ಹಾಕುತ್ತಾ ಕೂರಬೇಡಿ

ಮಗುವಿಗೆ ಎರಡು ವರ್ಷ ದಾಟಿದೆ, ಇನ್ನೂ 'ಅಮ್ಮ' ಅಂತಿಲ್ಲ. ಆಗ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. 'ಇವನ ಅಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ವಂಶದಲ್ಲೇ ಇದೆ, ತಾನಾಗೇ ಬರುತ್ತೆ ಬಿಡು' ಅಂತ ಅಜ್ಜಿ ಹೇಳುತ್ತಾರೆ. ಇನ್ನೊಂದು ಪಕ್ಷ 'ಅವಳು ಮೊಬೈಲ್ ಕೊಟ್ಟು ಕೂರಿಸಿದ್ದಕ್ಕೇ ಹೀಗಾಯ್ತು' ಅಂತ ತಾಯಿಯ ಮೇಲೆ ಗೂಬೆ ಕೂರಿಸುತ್ತದೆ. ಶಿವಮೊಗ್ಗದಲ್ಲಿ ಮಕ್ಕಳ ಮಾತು ಮತ್ತು ಕಿವಿಯ ಸಮಸ್ಯೆ ನೋಡುವ ನನಗೆ ಈ ಎರಡೂ ಮಾತು ಚೆನ್ನಾಗಿ ಪರಿಚಯ. ತೀರ್ಥಹಳ್ಳಿಯವರಿರಲಿ, ಸೊರಬದವರಿರಲಿ, ಕೇಳುವುದು ಒಂದೇ: 'ಇದು ಹುಟ್ಟಿನಿಂದ ಬಂದಿದ್ದಾ, ಬೆಳೆಸಿದ್ದರಿಂದ ಆಗಿದ್ದಾ ಮೇಡಂ?'

ನನ್ನ ತಕರಾರು ಏನೆಂದರೆ, ಎರಡರಲ್ಲಿ ಯಾವ ಉತ್ತರ ಸಿಕ್ಕರೂ ಮಗುವಿಗೆ ನಷ್ಟ. ವಂಶ ಅಂದರೆ ಕಾಯುತ್ತಾರೆ. ಬೆಳೆಸಿದ್ದು ಅಂದರೆ ಬೈಯುತ್ತಾರೆ. ಪರೀಕ್ಷೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಹುಟ್ಟು ಮತ್ತು ಪಾಲನೆಯನ್ನು ಹೀಗೆ ಎದುರುಬದುರು ನಿಲ್ಲಿಸಿದ್ದರಲ್ಲಿ ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಅವರ ಪಾಲು ದೊಡ್ಡದು. 1874ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳ ಬಗ್ಗೆ ಬರೆದ ಪುಸ್ತಕದ ಹೆಸರಲ್ಲೇ ಅವರು ಈ ಜೋಡಿಯನ್ನು ಇಟ್ಟಿದ್ದರು. ಆಮೇಲೆ ಅವಳಿಗಳ ಮೇಲೆ ಸಾವಿರಾರು ಅಧ್ಯಯನ ನಡೆದವು. 2015ರಲ್ಲಿ ಅಂಥ 2,700ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಎಲ್ಲ ಗುಣಗಳನ್ನೂ ಸೇರಿಸಿ ಜೀನ್‌ಗಳ ಪಾಲು ಸರಾಸರಿ ಶೇ. 49 ಅಂತ ಬಂತು. ಅರ್ಧಕ್ಕರ್ಧ! ಹಾಗಂತ ನಿಮ್ಮ ಮಗನ ಮಾತಿನಲ್ಲಿ ಅರ್ಧ ರಕ್ತದ್ದು, ಅರ್ಧ ಮನೆಯದ್ದು ಅಂತಲ್ಲ. ಆ ಸಂಖ್ಯೆ ಹೇಳುವುದು ಜನ ಜನರ ನಡುವಿನ ವ್ಯತ್ಯಾಸದ ಬಗ್ಗೆ, ಒಬ್ಬ ಮನುಷ್ಯನ ಬಗ್ಗೆ ಅಲ್ಲವೇ ಅಲ್ಲ.

ನಮ್ಮ ಕಡೆ ಇದನ್ನು ಅಡಿಕೆ ತೋಟದಲ್ಲಿ ಅರ್ಥ ಮಾಡಿಕೊಳ್ಳಬಹುದು. ಒಂದೇ ರಾಶಿಯ ಬೀಜದಡಿಕೆಯಲ್ಲಿ ಅರ್ಧವನ್ನು ಬಸಿಗಾಲುವೆ ಚೆನ್ನಾಗಿರುವ ತೋಟಕ್ಕೆ ಹಾಕಿ, ಇನ್ನರ್ಧ ನೀರು ನಿಲ್ಲುವ ಜಾಗಕ್ಕೆ. ಒಂದೇ ತೋಟದೊಳಗೆ, ಒಂದೇ ಆರೈಕೆಯಲ್ಲಿ ಬೆಳೆದ ಗಿಡಗಳ ನಡುವಿನ ವ್ಯತ್ಯಾಸ ಬಹುಪಾಲು ಬೀಜದ್ದು. ಎರಡು ತೋಟಗಳ ನಡುವಿನ ವ್ಯತ್ಯಾಸ ನೆಲದ್ದು. ಆದರೆ ಒಂದು ಮರ ತೋರಿಸಿ, ಇದರಲ್ಲಿ ಬೀಜದ್ದೆಷ್ಟು ಅಡಿ, ನೆಲದ್ದೆಷ್ಟು ಅಡಿ ಅಂತ ಕೇಳಿದರೆ ಯಾವ ತೋಟಗಾರ ತಾನೇ ಹೇಳಿಯಾನು? ಅಮೆರಿಕದ ಎರಿಕ್ ಟರ್ಕ್‌ಹೈಮರ್ ಮತ್ತವರ ತಂಡ 2003ರಲ್ಲಿ ಇಂಥದ್ದನ್ನೇ ಮಕ್ಕಳಲ್ಲಿ ತೋರಿಸಿತು. ಅನುಕೂಲಸ್ಥ ಮನೆಗಳ ಮಕ್ಕಳ ಬುದ್ಧಿ ಪರೀಕ್ಷೆಯ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ದೊಡ್ಡದಿತ್ತು, ತೀರಾ ಬಡ ಮನೆಗಳಲ್ಲಿ ಅದು ಸೊನ್ನೆಯ ಹತ್ತಿರ ಇತ್ತು. ಸೊರಗಿದ ಜಾಗದಲ್ಲಿ ಬೀಜದ ಗುಣ ಕಾಣುವುದಾದರೂ ಹೇಗೆ?

ನನ್ನ ಕೆಲಸದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುವುದು ಹುಟ್ಟುಕಿವುಡಿನಲ್ಲಿ. ಕಿವಿ ಕೇಳುವುದಕ್ಕೆ ಬೇಕಾದ ಜಿಜೆಬಿ2 ಅಂತ ಒಂದು ಜೀನ್ ಇದೆ. ತಂದೆಗೂ ತಾಯಿಗೂ ಕಿವಿ ಚೆನ್ನಾಗೇ ಕೇಳುತ್ತಿರುತ್ತದೆ, ಆದರೆ ಇಬ್ಬರಲ್ಲೂ ಅದರ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ಮಗು ಕಿವುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಮನೆಗಳಲ್ಲಿ ಇಂಥ ಜೋಡಿ ಕೂಡುವುದು ಜಾಸ್ತಿ. ಕಾರಣ ಪೂರ್ತಿ ಜೀನ್‌ನದ್ದೇ. ಆದರೂ ಅದೇ ಜೀನ್ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬಳು ಶಾಲೆಯಲ್ಲಿ ಪದ್ಯ ಹೇಳಬಹುದು, ಇನ್ನೊಬ್ಬನಿಗೆ ಐದು ವರ್ಷವಾದರೂ ಮಾತೂ ಇಲ್ಲ, ಸನ್ನೆ ಭಾಷೆಯೂ ಇಲ್ಲ ಅಂತಾಗಬಹುದು. ಅವರನ್ನು ಬೇರೆ ಮಾಡಿದ್ದು ಬಹಳ ಸಲ ಯಾವ ತಿಂಗಳಲ್ಲಿ ಪತ್ತೆಯಾಯಿತು ಅನ್ನುವುದು. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ತರಬೇತಿ ಶುರು. ನಾವು ಹಿಡಿದುಕೊಂಡಿರುವ ಲೆಕ್ಕ ಇದು.

ಇಷ್ಟು ಅವಸರ ಯಾಕೆ? ಮಿದುಳು ಕಾಯುವುದಿಲ್ಲ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿ ನೋಡಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಬಹುತೇಕ ಕೂಸುಗಳಿಗೆ ಅದು ಆಗಲಿಲ್ಲ. ನಮ್ಮ ಮಕ್ಕಳು ಅದನ್ನು ಉಳಿಸಿಕೊಳ್ಳುವುದು ದಿನಾ ತಾತ, ಆಟ, ಊಟ ಅಂತ ಕೇಳಿಸಿಕೊಂಡೇ. ಕೇಳುವ ಶಕ್ತಿ ಹುಟ್ಟಿನದ್ದು, ಅದನ್ನು ಕೆತ್ತುವುದು ಸುತ್ತಲಿನ ಮಾತು. ಆ ಮಾತೇ ಕಿವಿಗೆ ಬೀಳದೆ ಮೂರು ವರ್ಷ ಕಳೆದುಹೋದರೆ?

'ಕಿವಿ ಸರಿ ಇದೆ ಮೇಡಂ, ತಟ್ಟೆ ಬಡಿದರೆ ತಿರುಗುತ್ತಾನೆ' ಅನ್ನುತ್ತಾರೆ. ಈ ತಟ್ಟೆ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. ಸ್ಟೀಲ್ ತಟ್ಟೆಯ ಸದ್ದು ಮಾತಿಗಿಂತ ಎಷ್ಟೋ ಜೋರು, ಸಾಲದ್ದಕ್ಕೆ ಬಡಿಯುವವರ ಕೈ ಅಲ್ಲಾಡಿದ್ದೂ ಮಗುವಿಗೆ ಕಾಣುತ್ತದೆ. ತಟ್ಟೆಗೆ ತಿರುಗುವ ಮಗುವಿಗೆ 'ಸ', 'ಶ' ಥರದ ಸಣ್ಣ ಸದ್ದು ಒಂದೂ ಕೇಳದೇ ಇರಬಹುದು. ಹಾಗೇ ಅಪ್ಪ ತಡವಾಗಿ ಮಾತಾಡಿದ್ದು ನಿಜವಾದರೆ ಅದನ್ನು ನಮಗೆ ಮೊದಲೇ ಹೇಳಿ. ಅದು ಕಾಯುವುದಕ್ಕೆ ಕಾರಣ ಅಲ್ಲ, ಬೇಗ ಬರುವುದಕ್ಕೆ ಕಾರಣ. ಮನೆತನದಲ್ಲಿ ಇದ್ದರೆ ಮಗುವಿಗೂ ತೊಂದರೆ ಇರುವ ಸಾಧ್ಯತೆ ಜಾಸ್ತಿ ಅಂತಾಯಿತಲ್ವಾ?

ಯಂತ್ರ ಹಾಕಿದ ಮೇಲೆ ಮುಗಿಯುವುದೂ ಇಲ್ಲ. ಹೊಸನಗರ, ಆಗುಂಬೆ ಕಡೆಯ ಮಳೆಗಾಲದಲ್ಲಿ ಹಿಯರಿಂಗ್ ಏಡ್ ಒಳಗೆ ತೇವ ಸೇರುತ್ತದೆ, ಕೊಳವೆಯಲ್ಲಿ ನೀರಿನ ಹನಿ ಕೂರುತ್ತದೆ, ಸದ್ದು ಸಣ್ಣಗಾಗುತ್ತದೆ. ಮಗು ಕಿತ್ತೆಸೆಯುತ್ತದೆ. ಮನೆಯವರು ಹಟ ಅಂದುಕೊಳ್ಳುತ್ತಾರೆ. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಾಳಿನ ಬಣ್ಣ ಬದಲಾದರೆ ಹೊಸದು ತನ್ನಿ. ಪಾಲನೆ ಅಂದರೆ ನನ್ನ ಲೆಕ್ಕದಲ್ಲಿ ಇಂಥ ಕೆಲಸವೂ ಹೌದು, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ 'ನೋಡು, ಹೊಗೆ ಬಂತು' ಅಂತ ಮಗುವಿನ ಹತ್ತಿರ ಮಾತಾಡುವುದೂ ಹೌದು.

ತಾಯಂದಿರ ವಿಷಯ. ಆಟಿಸಂ (ಮಾತು, ಜನರೊಡನೆ ಬೆರೆಯುವುದು ಬೇರೆ ಥರ ಬೆಳೆಯುವ ಸ್ಥಿತಿ) ಇರುವ ಮಕ್ಕಳ ತಾಯಂದಿರಿಗೆ ಪ್ರೀತಿ ಸಾಲದು, ಅದಕ್ಕೇ ಮಕ್ಕಳು ಹೀಗೆ ಅಂತ 1950-60ರ ದಶಕಗಳಲ್ಲಿ ದೊಡ್ಡ ದೊಡ್ಡ ತಜ್ಞರೇ ಹೇಳುತ್ತಿದ್ದರು. ಅದು ಶುದ್ಧ ತಪ್ಪು. ಆಟಿಸಂನಲ್ಲಿ ಜೀನ್‌ಗಳ ಪಾಲು ಬಹಳ ದೊಡ್ಡದು ಅಂತ ಅವಳಿಗಳ ಅಧ್ಯಯನ ತೋರಿಸಿ ದಶಕಗಳೇ ಆದವು. ಮೊಬೈಲ್ ಕಮ್ಮಿ ಮಾಡಿ, ಖಂಡಿತ. ಅದು ಮಾತುಕತೆಯ ಹೊತ್ತನ್ನು ತಿನ್ನುತ್ತದೆ. ಆದರೆ ಅದರ ಹೆಸರಲ್ಲಿ ಆ ಹೆಣ್ಣುಮಗಳನ್ನು ಅಳಿಸಬೇಡಿ. ನಾಳೆಯಿಂದ ಮಗುವಿನ ಜೊತೆ ಕೂತು ಅಭ್ಯಾಸ ಮಾಡಿಸಬೇಕಾದವರು ಬಹುತೇಕ ಅವರೇ.

ಹಾಗೇ ಮನೆಯಲ್ಲಿ ಹವಿಗನ್ನಡ, ಕೊಂಕಣಿ, ಉರ್ದು ಏನಿದ್ದರೂ ಅದನ್ನೇ ಆಡಿ. ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ.

ಹೆರಿಗೆಯಾದ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆ ಓಎಇ ಪರೀಕ್ಷೆ, ಅಂದರೆ ಕಿವಿಯೊಳಗೆ ಸಣ್ಣ ಸದ್ದು ಬಿಟ್ಟು ಕಿವಿಯ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ, ಆಗಿದೆಯಾ ಅಂತ ಕೇಳಿ. ಕೂಸು ಮಲಗಿದ್ದಾಗಲೇ ಮಾಡಬಹುದು, ನೋವಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ, ಅಂಗನವಾಡಿಯಲ್ಲಿ ವಿಚಾರಿಸಿ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದು ಪದವೂ ಬಾರದಿದ್ದರೆ, ಎರಡು ವರ್ಷಕ್ಕೆ 'ಹಾಲು ಬೇಕು' ಥರ ಎರಡು ಪದ ಜೋಡಿಸದಿದ್ದರೆ, ಆಡುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ, ಆ ವಾರವೇ ಕರೆದುಕೊಂಡು ಬನ್ನಿ.